ನಾತ ಬರಬಾರದು, ಮನೆ ತುಂಬ ಉಸುಕೂ ಹರಡಬಾರದು: ಬೆಕ್ಕಿಗೆ ಲಿಟರ್ ಆರಿಸುವುದು ಹೇಗೆ?

ಲಿಟರ್ ಅಂದರೆ ಬೆಕ್ಕು ಮನೆಯೊಳಗೇ ಉಚ್ಚೆ, ಹೇಲು ಮಾಡಲು ಟ್ರೇಗೆ ಸುರಿದಿಡುವ ಹರಳು ಅಥವಾ ಕಡ್ಡಿ. ಬಳ್ಳಾರಿಯಲ್ಲಿ ಮೊದಲ ಸಲ ಅಂಗಡಿಗೆ ಹೋಗಿ ‘ಕ್ಯಾಟ್ ಲಿಟರ್ ಇದೆಯಾ’ ಎಂದು ಕೇಳಿದಾಗ ಹುಡುಗ ‘ಎಷ್ಟು ಲೀಟರ್ ಬೇಕ್ರೀ?’ ಎಂದಿದ್ದ. ನಗು ಬಂತು. ಆಮೇಲೆ ನೋಡಿದರೆ ಕೆಲವು ಚೀಲಗಳ ಮೇಲೆ ನಿಜವಾಗಿಯೂ ಲೀಟರ್ ಲೆಕ್ಕ, ಇನ್ನು ಕೆಲವದರ ಮೇಲೆ ಕೆಜಿ ಲೆಕ್ಕ. ಯಾವುದು ಅಗ್ಗ, ಯಾವುದು ದುಬಾರಿ ಎಂದೇ ತಿಳಿಯಲಿಲ್ಲ. ಕೊನೆಗೆ ಲ್ಯಾವೆಂಡರ್ ಪರಿಮಳದ ಚೀಲ ಹೊತ್ತು ತಂದೆ. ಒಂದೇ ವಾರದಲ್ಲಿ ಮನೆಯಲ್ಲಿ ಲ್ಯಾವೆಂಡರೂ ಉಚ್ಚೆಯೂ ಸೇರಿದ ಒಂದು ಹೊಸ ನಾತ ಶುರುವಾಯಿತು, ಬೆಕ್ಕು ಟ್ರೇ ಬಿಟ್ಟು ಮಂಚದ ಕೆಳಗಿನ ಚಾಪೆ ಹಿಡಿಯಿತು.

ನೀವು ಆ ತಪ್ಪು ಮಾಡಬೇಡಿ. ಸೆಂಟ್ ಹಾಕಿರುವ ಲಿಟರ್ ನಮ್ಮ ಮೂಗಿಗಾಗಿ ಮಾಡಿದ್ದು, ಬೆಕ್ಕಿನ ಮೂಗಿಗಲ್ಲ. ಅದರ ಮೂಗು ನಮ್ಮದಕ್ಕಿಂತ ಎಷ್ಟೋ ಪಟ್ಟು ಚುರುಕು. ಪರಿಮಳ ಜಾಸ್ತಿಯಾದರೆ ಅದು ಬೇರೆ ಜಾಗ ಹುಡುಕುತ್ತದೆ ಅಷ್ಟೇ.

ಮೊದಲು ನಾತ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ. ಆಗ ತಾನೇ ಹೊಯ್ದ ಉಚ್ಚೆ ಅಷ್ಟೊಂದು ನಾರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ, ಕಣ್ಣಿಗೆ ಹತ್ತುವ ಆ ಘಾಟು ಅದೇ. ಈ ಕೆಲಸಕ್ಕೆ ಅವಕ್ಕೆ ಬೇಕಾಗಿರುವುದು ತೇವ, ಬಿಸಿ, ಸಮಯ. ಬಿಸಿಗಂತೂ ಬಳ್ಳಾರಿ, ರಾಯಚೂರಲ್ಲಿ ಬರ ಇಲ್ಲ! ಉಳಿದ ಎರಡು ನಮ್ಮ ಕೈಯಲ್ಲಿವೆ. ತೇವವನ್ನು ಲಿಟರ್ ಎಳೆದುಕೊಳ್ಳಬೇಕು, ಸಮಯವನ್ನು ನೀವು ಕೊಡಬಾರದು, ಅಂದರೆ ದಿನಕ್ಕೆ ಎರಡು ಸಲ ತೆಗೆಯಬೇಕು. ಎಷ್ಟೇ ದುಬಾರಿ ಲಿಟರ್ ತಂದರೂ ಮೂರು ದಿನ ಹಾಗೇ ಬಿಟ್ಟರೆ ನಾರಿಯೇ ನಾರುತ್ತದೆ. ಇನ್ನೊಂದು ವಿಷಯ, ಬೀಜ ತೆಗೆಸದ ಗಂಡು ಬೆಕ್ಕಿನ ಉಚ್ಚೆಯ ನಾತವೇ ಬೇರೆ. ಅದಕ್ಕೆ ಲಿಟರ್ ಮದ್ದಲ್ಲ, ಆಪರೇಷನ್ ಮದ್ದು.

ಈಗ ಲಿಟರ್‌ಗೆ ಬರೋಣ.

ಹೆಚ್ಚು ಮನೆಗಳಲ್ಲಿರುವುದು ಬೆಂಟೊನೈಟ್ ಜೇಡಿಮಣ್ಣಿನ ಲಿಟರ್, ಉಚ್ಚೆ ಬಿದ್ದ ಕಡೆ ಉಂಡೆ ಕಟ್ಟುವಂಥದ್ದು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿರುಗುಪ್ಪದ ಕಡೆ ಎರೆ ಹೊಲದಲ್ಲಿ ಮಳೆ ಬಂದ ಮರುದಿನ ನಡೆದಿದ್ದೀರಾ? ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿ ಕಲ್ಲಿನಷ್ಟು ಭಾರ ಆಗಿರುತ್ತದೆ, ಅದೇ ಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಆ ಗುಣ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ್ದು, ಬೆಂಟೊನೈಟ್‌ನಲ್ಲಿ ತುಂಬಿರುವುದೂ ಅದೇ. ಹಾಗಂತ ಹೊಲದಿಂದ ಬುಟ್ಟಿ ಎರೆ ಮಣ್ಣು ತಂದು ಟ್ರೇಗೆ ಸುರಿಯಬೇಡಿ. ಉಂಡೆ ಆಗುವುದಿಲ್ಲ, ಕೆಸರಾಗುತ್ತದೆ. ಜೊತೆಗೆ ಹುಳು, ಹುಳದ ಮೊಟ್ಟೆಗಳೂ ಮನೆಗೆ ಬರುತ್ತವೆ.

ಬೆಂಟೊನೈಟ್‌ನ ಒಳ್ಳೆಯ ಗುಣ, ತೇವ ಒಂದೇ ಕಡೆ ಸಿಕ್ಕಿಬೀಳುತ್ತದೆ, ಉಂಡೆ ಎತ್ತಿ ಬಿಸಾಕಿದರೆ ಉಳಿದದ್ದು ಒಣಗಿಯೇ ಇರುತ್ತದೆ. ಕೆಟ್ಟ ಗುಣ, ಪುಡಿ. ರವೆಯಷ್ಟು ಸಣ್ಣ ಹರಳು ಬೆಕ್ಕಿನ ಬೆರಳ ಸಂದಿಗೆ ಸೇರಿ ಅಡುಗೆಮನೆಯ ತನಕ ಬರುತ್ತದೆ. ಸಂಡೂರಿನ ಕೆಂಪು ದೂಳು ಒರೆಸಿ ಒರೆಸಿ ಸಾಕಾದವರಿಗೆ ಇದೊಂದು ಬೇರೆ!

ಕಾಲಿಗೆ ಅಂಟುವ ಈ ಗೋಳು ಲಿಟರ್‌ನಷ್ಟೇ ಹಳೆಯದು. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಹೆಣ್ಣುಮಗಳು ಬೆಕ್ಕಿಗೆ ಬೂದಿ ಹಾಕಿ, ಮನೆ ತುಂಬ ಕರಿ ಹೆಜ್ಜೆ ಆಗುತ್ತಿದೆ ಎಂದು ಪಕ್ಕದ ಎಡ್ವರ್ಡ್ ಲೋ ಬಳಿ ಉಸುಕು ಕೇಳಿದಳು. ಅವನು ಎಣ್ಣೆ ಹೀರಲು ಮಾರುತ್ತಿದ್ದ ಒಣ ಜೇಡಿಮಣ್ಣಿನ ಹರಳು ಕೊಟ್ಟ. ವ್ಯಾಪಾರ ಶುರುವಾದದ್ದು ಅಲ್ಲಿಂದ.

ಸಿಲಿಕಾ ಹರಳು ಎರಡನೆಯದು. ಹೊಸ ಶೂ ಡಬ್ಬಿಯಲ್ಲಿ ಬರುವ ಸಣ್ಣ ಪೊಟ್ಟಣದೊಳಗಿನ ಗುಂಡುಗಳದ್ದೇ ಜಾತಿ. ಉಂಡೆ ಕಟ್ಟುವುದಿಲ್ಲ, ಉಚ್ಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಾತ ತಡೆಯುವುದರಲ್ಲಿ ಗಟ್ಟಿ, ಪುಡಿ ಕಡಿಮೆ. ಆದರೆ ಒಂದು ಎಚ್ಚರ: ಟ್ರೇಯನ್ನು ಕೂಲರ್ ಮುಂದೆ ಇಡಬೇಡಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಕೂಲರ್ ಇಲ್ಲದೆ ನಿದ್ದೆ ಇಲ್ಲ ನಿಜ, ಆದರೆ ಅದು ಊದುವುದು ತೇವದ ಗಾಳಿ. ಹರಳು ಅದನ್ನೇ ಕುಡಿದು ಬೇಗ ದಣಿಯುತ್ತದೆ. ಹರಳು ಕಾಲಿಗೆ ಚುಚ್ಚುತ್ತದೆ ಎಂದು ಕೆಲವು ಬೆಕ್ಕುಗಳು ಟ್ರೇ ಹತ್ತುವುದೂ ಇಲ್ಲ.

ನನ್ನ ಮತ ಮೂರನೆಯದಕ್ಕೆ, ಟೋಫು ಲಿಟರ್. ಸೋಯಾ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯಿಂದ ಮಾಡುವ ಸಣ್ಣ ಕಡ್ಡಿಗಳು, ದಪ್ಪ ಶಾವಿಗೆ ತುಂಡುಗಳ ಹಾಗೆ ಕಾಣುತ್ತವೆ. ಉಂಡೆಯೂ ಕಟ್ಟುತ್ತದೆ, ಕಡ್ಡಿ ದೊಡ್ಡದಾದ್ದರಿಂದ ಬೆರಳ ಸಂದಿಗೆ ಸಿಗುವುದೂ ಕಡಿಮೆ. ಕರಾವಳಿಯ ಥಂಡಿಯಲ್ಲಿ ಬೂಸ್ಟು ಹಿಡಿಯಬಹುದು, ನಮ್ಮ ಒಣ ಹವೆಗೆ ಚೆನ್ನಾಗಿ ಒಗ್ಗುತ್ತದೆ. ತಿನ್ನುವ ವಸ್ತುವೇ ಆದ್ದರಿಂದ ಇರುವೆ ಬರಬಹುದು, ಚೀಲವನ್ನು ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಡಿ. ಕಟ್ಟಿಗೆಯ ಪೆಲೆಟ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಗುಳಿಗೆ ಕೂಡ ಇದೆ. ಕಾಲಿಗೆ ಅಂಟುವುದು ಬಹಳ ಕಡಿಮೆ, ಆದರೆ ಉಚ್ಚೆ ಬಿದ್ದರೆ ಪುಡಿಯಾಗುತ್ತದೆ, ಸಾಣಿಗೆ ಇರುವ ಎರಡಂತಸ್ತಿನ ಟ್ರೇ ಬೇಕು.

‘ರೈಸ್ ಮಿಲ್ಲಿನಲ್ಲಿ ಭತ್ತದ ಹೊಟ್ಟು ಸಿಗುತ್ತದಲ್ಲ, ಅದನ್ನೇ ಹಾಕಿದರಾಯಿತು’ ಎನ್ನುವವರು ಗಂಗಾವತಿ, ಸಿಂಧನೂರು ಕಡೆ ಇದ್ದೇ ಇರುತ್ತಾರೆ. ನಾನೂ ಹಾಕಿದ್ದೆ. ಹೊಟ್ಟು ಸರಿಯಾಗಿ ನೀರು ಹೀರುವುದಿಲ್ಲ, ಉಚ್ಚೆ ಕೆಳಗಿಳಿದು ಟ್ರೇ ತಳದಲ್ಲಿ ನಿಂತಿತು. ಮೇಲೆ ಫ್ಯಾನ್ ಹಾಕಿದ್ದೇ ತಡ, ಹಾಲ್ ತುಂಬ ಹೊಟ್ಟೇ ಹೊಟ್ಟು.

ಚೀಲ ತಂದ ಮೇಲೆ ಟ್ರೇಗೆ ಸುರಿಯುವ ಮುಂಚೆ ಹತ್ತು ನಿಮಿಷ ಪರೀಕ್ಷೆ ಮಾಡಿ. ಸಾಧ್ಯವಾದರೆ ಮೊದಲು ಸಣ್ಣ ಚೀಲವನ್ನೇ ತನ್ನಿ. ಉಂಡೆ ಕಟ್ಟುವ ಲಿಟರ್ ಆದರೆ ಒಂದು ಹಳೇ ಬಟ್ಟಲಿಗೆ ಎರಡು ಇಂಚು ಹಾಕಿ, ನಡುವೆ ಎರಡು ಚಮಚ ನೀರು ಬಿಡಿ. ಹತ್ತು ನಿಮಿಷದ ಮೇಲೆ ಚಮಚದಿಂದ ಎತ್ತಿ. ಇಡೀ ಉಂಡೆ ಎದ್ದು ಬಂದರೆ ಸರಿ, ಮುರಿದು ಪುಡಿಪುಡಿ ಆದರೆ ಆ ಒದ್ದೆ ಪುಡಿಯೆಲ್ಲ ಟ್ರೇಯಲ್ಲೇ ಉಳಿದು ನಾರುತ್ತದೆ. ಆಮೇಲೆ ಒಂದು ಹಿಡಿ ಲಿಟರನ್ನು ಒಂದು ಅಡಿ ಎತ್ತರದಿಂದ ಕಪ್ಪು ಬಟ್ಟೆಯ ಮೇಲೆ, ಕಿಟಕಿಯ ಬಿಸಿಲಿಗೆ ಹಿಡಿದು ಸುರಿಯಿರಿ. ದೂಳು ಎಷ್ಟು ಏಳುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಕೊನೆಗೆ ಬರಿಗಾಲಲ್ಲಿ ಅದರ ಮೇಲೆ ನಿಂತು ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಮನೆಯವರು ನಗಲಿ ಬಿಡಿ.

ಬೆಲೆಯನ್ನು ಕೆಜಿಗೂ ನೋಡಬೇಡಿ, ಲೀಟರಿಗೂ ನೋಡಬೇಡಿ. ಚೀಲದ ಮೇಲೆ ತೆರೆದ ತಾರೀಖು ಬರೆದು ಎಷ್ಟು ದಿನ ಬಂತು ನೋಡಿ, ದಿನಕ್ಕೆ ಎಷ್ಟಾಯಿತು ಎಂಬುದೇ ನಿಜವಾದ ಲೆಕ್ಕ.

ಹಳೆಯ ಲಿಟರನ್ನು ಒಂದೇ ದಿನ ಬದಲಿಸಬೇಡಿ. ಹಳೆಯದಕ್ಕೆ ಕಾಲು ಭಾಗ ಹೊಸದು ಬೆರೆಸಿ, ಒಂದು ವಾರ ಹತ್ತು ದಿನದಲ್ಲಿ ಪೂರ್ತಿ ಹೊಸದಕ್ಕೆ ಬನ್ನಿ. ಸಣ್ಣ ಮರಿಗಳಿಗೆ ಉಂಡೆ ಕಟ್ಟುವ ಜೇಡಿಮಣ್ಣಿನ ಲಿಟರ್ ಬೇಡ. ಅವು ಬಾಯಿಗೆ ಹಾಕಿಕೊಳ್ಳುತ್ತವೆ, ಹೊಟ್ಟೆಯಲ್ಲೂ ಅದು ಉಬ್ಬುತ್ತದೆ.

ಟ್ರೇ ಚಿಕ್ಕದಾದರೆ ಲಿಟರ್ ಯಾವುದಾದರೂ ಹೊರಗೆ ಚೆಲ್ಲುತ್ತದೆ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಉದ್ದ, ಎತ್ತರದ ಅಂಚು, ಎರಡರಿಂದ ಮೂರು ಇಂಚು ಲಿಟರ್. ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿ ಕತ್ತರಿಸಿದರೂ ಸಾಕು, ಅಂಚನ್ನು ಮಾತ್ರ ಉಜ್ಜಿ ನುಣುಪು ಮಾಡಿ. ಮುಂದೆ ರಂಧ್ರವಿರುವ ರಬ್ಬರ್ ಮ್ಯಾಟ್ ಹಾಸಿ, ಬೆಕ್ಕು ಎರಡು ಮೂರು ಹೆಜ್ಜೆ ಅದರ ಮೇಲೆ ಇಡುವಷ್ಟು ಉದ್ದದ್ದು. ಎರಡು ಬೆಕ್ಕಿದ್ದರೆ ಮೂರು ಟ್ರೇ ಇಡಿ ಎನ್ನುತ್ತಾರೆ. ಸಣ್ಣ ಮನೆಯಲ್ಲಿ ಅದು ಕಷ್ಟವೇ, ಎರಡಾದರೂ ಇರಲಿ.

ತೊಳೆಯುವಾಗ ಫಿನಾಯಿಲ್ ಮುಟ್ಟಬೇಡಿ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಫಿನಾಯಿಲ್ಲೇ, ಆದರೆ ಅದು ಬೆಕ್ಕಿಗೆ ವಿಷ. ಬ್ಲೀಚಿಂಗ್ ಪೌಡರ್ ಅಮೋನಿಯಾ ಜೊತೆ ಸೇರಿದರೆ ಉಸಿರು ಕಟ್ಟಿಸುವ ಗಾಳಿ ಏಳುತ್ತದೆ. ಬಿಸಿ ನೀರು, ಸೋಪು, ಆಮೇಲೆ ಮಾಳಿಗೆಯ ಬಿಸಿಲು, ಇಷ್ಟು ಸಾಕು. ಉಂಡೆಗಳನ್ನು ಕಮೋಡ್‌ಗೆ ಹಾಕಿದರೆ ಪೈಪಿನಲ್ಲಿ ಎರೆ ಹೊಲ ತಯಾರಾಗುತ್ತದೆ, ಪೇಪರಿನಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಹೇಲಿನಲ್ಲಿ ಬರುವ ಟಾಕ್ಸೊಪ್ಲಾಸ್ಮಾ ರೋಗಾಣು ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಹುದು. ಅದು ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು, ಹಾಗಾಗಿ ಅವತ್ತಿನದನ್ನು ಅವತ್ತೇ ತೆಗೆಯಿರಿ.

ತೆಗೆಯುವಾಗ ಉಂಡೆ ಎಷ್ಟಿವೆ ಎಂದು ಸುಮ್ನೆ ಎಣಿಸುವ ರೂಢಿ ಇರಲಿ. ದಿನಾ ಮೂರು ಇದ್ದದ್ದು ಏಕ್ದಂ ಇಲ್ಲವೇ ಇಲ್ಲ ಅಂದರೆ, ಅದರಲ್ಲೂ ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತ ಒಂದು ಹನಿಯೂ ಬರದಿದ್ದರೆ, ಲಿಟರ್ ಸರಿ ಇಲ್ಲವೇನೋ ಎಂದು ಬದಲಿಸುತ್ತ ಕೂರಬೇಡಿ. ಅದಕ್ಕೆ ಉಚ್ಚೆ ಕಟ್ಟಿದೆ. ನಾಳೆ ಅನ್ನದೆ ಆಗಲೇ ಪಶು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.