ಹಳೇ ಫ್ಯಾನಿಗೆ ಹೊಸ ಕಂಡೆನ್ಸರ್

ನಡುಮನೆಯ ಫ್ಯಾನ್ ಈ ಬೇಸಿಗೆಯಲ್ಲಿ ರೆಗ್ಯುಲೇಟರ್ ಐದಕ್ಕಿಟ್ಟರೂ ತೂಕಡಿಸುತ್ತಿತ್ತು. ಮೊನ್ನೆ ಸ್ವಿಚ್ ಹಾಕಿದರೆ ಗುಂಯ್ ಅಂದಿತೇ ಹೊರತು ಅಲುಗಲಿಲ್ಲ. ಅಪ್ಪ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ದೂಡಿದರು. ತಿರುಗತೊಡಗಿತು. ‘ಮೋಟಾರ್ ಚೆನ್ನಾಗಿದೆ ಕಣೋ, ಕಂಡೆನ್ಸರ್ ಹೋಗಿದೆ’ ಅಂದರು.

ಅಂಗಡಿಯಲ್ಲಿ ಕೆಪಾಸಿಟರ್ ಅಂದರೂ ಅದೇ. ಸಿಂಗಲ್ ಫೇಸ್ ಕರೆಂಟಿನಲ್ಲಿ ಫ್ಯಾನ್ ತಾನಾಗಿ ಹೊರಡುವುದಿಲ್ಲ. ಮೋಟಾರಿನೊಳಗೆ ಎರಡು ಸುರುಳಿಗಳಿವೆ. ಒಂದರಲ್ಲಿ ಕರೆಂಟು ತುಸು ಮುಂದಾಗಿ ಹರಿಯುವಂತೆ ಮಾಡಿ ಮೋಟಾರಿಗೆ ತಿರುವು ಕೊಡುವುದು ಈ ಪುಟ್ಟ ಡಬ್ಬಿ. ಫ್ಯಾನ್ ಓಡುವಷ್ಟು ಹೊತ್ತೂ ಅದಕ್ಕೆ ಕೆಲಸವಿದೆ. ಅದು ಸೊರಗಿದರೆ ವೇಗವೂ ಇಳಿಯುತ್ತದೆ. ಆದರೆ ಸ್ವಿಚ್ ಆರಿಸಿ ಕೈಯಲ್ಲಿ ತಿರುಗಿಸಿದಾಗಲೂ ರೆಕ್ಕೆ ಬಿಗಿಯಾಗಿದ್ದರೆ ಬೇರಿಂಗ್ ನೋಡಿಸಬೇಕು.

ಮೊದಲು ಮೈನ್ ಸ್ವಿಚ್ ಆರಿಸಿ. ಗೋಡೆಯ ಸ್ವಿಚ್ ಸಾಲದು. ಹಳೇ ಮನೆಗಳಲ್ಲಿ ಅದನ್ನು ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೆ, ಆರಿಸಿದ ಮೇಲೂ ಫ್ಯಾನಿನಲ್ಲಿ ಕರೆಂಟು ಇರುತ್ತದೆ. ಅಪ್ಪ ಫ್ಯೂಸ್ ಕಿತ್ತು ಜೇಬಿಗೇ ಹಾಕಿಕೊಂಡರು. ಯಾರಾದರೂ ಬಂದು ಸುಮ್ನೆ ಮೈನ್ ಹಾಕಿಬಿಟ್ಟರೆ? ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ನಾನು ಏಣಿ ಹತ್ತಿದೆ, ಅವರು ಹಿಡಿದುಕೊಂಡರು.

ಹೆಚ್ಚಿನ ಫ್ಯಾನುಗಳಲ್ಲಿ ಕಂಡೆನ್ಸರ್ ಇರುವುದು ಮೋಟಾರಿನ ಮೇಲಿನ ಕಪ್ಪಿನೊಳಗೆ. ಸ್ಕ್ರೂ ಸಡಿಲಿಸಿ ಕಪ್ಪನ್ನು ಮೇಲೆ ಸರಿಸಿ. ಟೆಸ್ಟರ್ ಇಟ್ಟು ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಕಂಡೆನ್ಸರಿನೊಳಗೆ ಉಳಿದ ಚಾರ್ಜ್ ಕೂಡ ಹೊಡೆಯಬಹುದು. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಅದರ ಎರಡೂ ತುದಿಗಳನ್ನು ಒಮ್ಮೆ ಕೂಡಿಸಿ. ತಂತಿಗಳ ಫೋಟೊ ತೆಗೆದುಕೊಂಡು ಬಿಚ್ಚಿ.

ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದಿರುತ್ತದೆ. ಅದೇ ಅಳತೆಯದು ತನ್ನಿ. ಜಾಸ್ತಿಯದು ಹಾಕಿದರೆ ಗಾಳಿ ಜಾಸ್ತಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಸುರುಳಿ ಕಾದು ಸುಟ್ಟೀತು. ಅದರ ಎರಡು ತಂತಿಗಳಲ್ಲಿ ಪ್ಲಸ್ಸು ಮೈನಸ್ಸು ಇಲ್ಲ. ಹಳೆಯದಿದ್ದ ಎರಡು ಸ್ಕ್ರೂಗಳಿಗೆ ಹೇಗೆ ಕೊಟ್ಟರೂ ಸರಿ. ಬಿಗಿಯಾಗಿರಲಿ, ತಾಮ್ರ ಹೊರಗೆ ಕಾಣದಿರಲಿ.

ಇಳಿಯುವ ಮುಂಚೆ ಅಪ್ಪ ಇನ್ನೊಂದು ನೋಡಲು ಹೇಳಿದರು: ಫ್ಯಾನನ್ನು ಹೊತ್ತಿರುವ ಬೋಲ್ಟಿನ ಪಿನ್. ನಮ್ಮದು ತುಕ್ಕು ಹಿಡಿದು ಅರ್ಧ ಮುರಿದಿತ್ತು. ಹೊಸದು ಹಾಕಿ, ಪಿನ್ನಿನ ಸೀಳುಕಾಲುಗಳನ್ನು ಎರಡೂ ಕಡೆ ಅಗಲಿಸಿ ಮಡಚಿದ ಮೇಲೆಯೇ ಅವರು ಜೇಬಿನಿಂದ ಫ್ಯೂಸ್ ತೆಗೆದದ್ದು.