ಸ್ಕೂಲ್ ಡೇ ಲೈವ್ ಹಾಕುವವರಿಗೆ ಒಂದು ಮಾತು
ಯೂಟ್ಯೂಬ್ ಚಾನೆಲ್ ಹೊಸದಾದರೆ ಎರಡು ದಿನ ಮೊದಲೇ ಫೋನ್ ನಂಬರ್ ವೆರಿಫೈ ಮಾಡಿ, ಲೈವ್ ಆನ್ ಮಾಡಿಡಿ. ಅದು ಶುರುವಾಗಲು 24 ಗಂಟೆವರೆಗೂ ಹಿಡಿಯಬಹುದು. ಲ್ಯಾಪ್‌ಟಾಪ್‌ಗೆ ಓಬಿಎಸ್ ಅನ್ನೋ ಲೈವ್ ಕಳಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪೂರ್ತಿ ಉಚಿತ.

ಆದರೆ ಚಿತ್ರಕ್ಕಿಂತ ಜಾಸ್ತಿ ಕೈಕೊಡೋದು ಧ್ವನಿ. ಮೊದಲ ಸಲ ನಾವು ಕ್ಯಾಮೆರಾದ ಮೈಕನ್ನೇ ನಂಬಿದ್ದೆವು. ಮಕ್ಕಳ ನಾಟಕದ ಒಂದು ಮಾತೂ ಕೇಳಲಿಲ್ಲ, ಹಿಂದಿನ ಸಾಲಿನವರ ಕಡಲೆಕಾಯಿ ಸಿಪ್ಪೆ ಸದ್ದು ಮಾತ್ರ ಸ್ಪಷ್ಟ! ಈಗ ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ (ಎಲ್ಲ ಮೈಕ್‌ಗಳ ಧ್ವನಿ ಸೇರುವ ಯಂತ್ರ) ವೈರ್ ಎಳೆದು, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರ್‌ಗೆ ಕೊಡುವ ಪುಟ್ಟ ಪೆಟ್ಟಿಗೆ) ಮೂಲಕ ಲ್ಯಾಪ್‌ಟಾಪ್‌ಗೇ ಕೊಡುತ್ತೇವೆ.

ಚಿತ್ರದ ಗುಣಮಟ್ಟ 720ಪಿ ಸಾಕು, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) 4 ಎಂಬಿಪಿಎಸ್ ಇಡಿ. ಅಪ್‌ಲೋಡ್ ವೇಗ ಅದರ ಎರಡರಷ್ಟಿದ್ದರೆ ನಿಶ್ಚಿಂತೆ. ಸಿನಿಮಾ ಹಾಡಿಗೆ ಡ್ಯಾನ್ಸ್ ಇದೆ ಅಲ್ವಾ? ಕಾಪಿರೈಟ್ ಅಂತ ಲೈವ್ ನಡುವೆಯೇ ನಿಲ್ಲಬಹುದು. ಓಬಿಎಸ್‌ನಲ್ಲಿ ರೆಕಾರ್ಡಿಂಗ್ ಕೂಡ ಒತ್ತಿಬಿಡಿ, ಲೈವ್ ನಿಂತರೂ ವಿಡಿಯೋ ಕೈಯಲ್ಲಿರುತ್ತೆ.