ಜಪಾನಿ ಗಟ್ಟಿಮರದಲ್ಲಿ ಮೇಜು ಮಾಡುವವರಿಗೆ: ಹಲಗೆ, ಅಂಟು, ಪಾಲಿಷ್

ಜಪಾನಿನ ಮರದಂಗಡಿಯಲ್ಲಿ ‘ನಾರಾ’ ಎಂದು ಬರೆದಿಟ್ಟ ಹಲಗೆಗಳೆಲ್ಲ ಜಪಾನಿನ ಕಾಡಿನವೇ ಆಗಿರಬೇಕೆಂದಿಲ್ಲ. ನಾರಾ ಎಂಬುದು ಓಕ್ ಮರಕ್ಕೆ ಅಲ್ಲಿರುವ ಹೆಸರು. ರಷ್ಯಾ, ಚೀನಾಗಳಿಂದ ಬಂದ ಓಕ್ ಕೂಡ ಆ ಹೆಸರಿನಲ್ಲೇ ಮಾರಾಟವಾಗುತ್ತದೆ. ಆದ್ದರಿಂದ ಬೆಲೆ ಕೇಳುವುದಕ್ಕೂ ಮೊದಲು ಮರ ‘ಕೊಕುಸಾನ್’, ಅಂದರೆ ಸ್ವದೇಶಿಯೇ, ಆಗಿದ್ದರೆ ಯಾವ ಪ್ರಾಂತ್ಯದ್ದು ಎಂದು ವಿಚಾರಿಸಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಅಕ್ರಮವಾಗಿ ಕಡಿದ ಮರವನ್ನು ತಡೆಯುವ ಜಪಾನಿನ ‘ಕ್ಲೀನ್ ವುಡ್’ ಕಾಯ್ದೆ 2017ರಲ್ಲಿ ಜಾರಿಗೆ ಬಂದಾಗ ಮರದ ಮೂಲದ ಪರಿಶೀಲನೆಯನ್ನು ವ್ಯಾಪಾರಿಗಳ ಇಚ್ಛೆಗೇ ಬಿಟ್ಟಿತ್ತು; 2025ರ ಏಪ್ರಿಲ್‌ನಿಂದ ಮರವನ್ನು ಮೊದಲು ಕೊಳ್ಳುವ ಕಾರ್ಖಾನೆಗಳೂ ಆಮದುದಾರರೂ ಅದರ ಕಾನೂನುಬದ್ಧತೆಯನ್ನು ಪರಿಶೀಲಿಸಿ ಮುಂದಿನವರಿಗೆ ತಿಳಿಸಲೇಬೇಕು. ಹೀಗಾಗಿ ಈಗ ದಾಖಲೆ ಕೇಳುವುದು ಅತಿಯಾದ ಬೇಡಿಕೆಯಲ್ಲ.

ಜಪಾನಿನ ನೆಲದ ಸುಮಾರು ಮೂರನೇ ಎರಡು ಭಾಗ ಕಾಡು. ಅದರಲ್ಲಿ ಶೇ. 40ರಷ್ಟು ನೆಟ್ಟು ಬೆಳೆಸಿದ್ದು, ಅದೂ ಬಹುಪಾಲು ಸುಗಿ, ಹಿನೋಕಿಗಳಂಥ ಮೆದುಮರಗಳದು. ಗಟ್ಟಿಮರ ಸಿಗುವುದು ಹೆಚ್ಚಾಗಿ ತಾನಾಗಿ ಬೆಳೆದ ಕಾಡಿನಿಂದ. ಕಡಿದದ್ದರಲ್ಲಿಯೂ ದೊಡ್ಡ ಪಾಲು ಚೂರಾಗಿ ಕಾಗದದ ಕಾರ್ಖಾನೆಗೆ ಹೋಗುತ್ತದೆ. ಆದುದರಿಂದ ಗಂಟಿಲ್ಲದ ಅಗಲವಾದ ಹಲಗೆಯೇ ಬೇಕೆಂದು ಹಟ ಹಿಡಿಯುವುದಕ್ಕಿಂತ, ಸಣ್ಣ ಕಾಂಡದ ಗಂಟುಳ್ಳ ಹಲಗೆಗಳನ್ನು ಜೋಡಿಸಿ ಮೇಜಿನ ಮೇಲ್ಭಾಗ ಮಾಡುವುದೇ ಹೆಚ್ಚು ಹೊಣೆಗಾರಿಕೆಯ ಆಯ್ಕೆ ಎಂದು ನನ್ನ ಎಣಿಕೆ. ನೋಟಕ್ಕೂ ಅದೇ ಹೆಚ್ಚು ಜೀವಂತ.

ಮೊದಲ ಸಲ ಮಾಡುವವರು ಮಿಜುನಾರಾ ಎಂಬ ಜಪಾನಿ ಓಕ್ ಅಥವಾ ಕುರಿಯನ್ನು ಆರಿಸಿಕೊಳ್ಳಬಹುದು. (ಕುರಿ ಎಂದರೆ ಜಪಾನಿಯಲ್ಲಿ ಚೆಸ್ಟ್‌ನಟ್ ಮರ, ನಮ್ಮ ಕುರಿಗೂ ಇದಕ್ಕೂ ಸಂಬಂಧವಿಲ್ಲ.) ಕುರಿ ಹಗುರ, ತೇವಕ್ಕೆ ಬಗ್ಗದ್ದು, ಉತ್ತರ ಜಪಾನಿನ ಅವೊಮೊರಿಯ ಸನ್ನಾಯ್ ಮರುಯಾಮಾದಲ್ಲಿ ಇತಿಹಾಸಪೂರ್ವ ಜನರು ನೆಟ್ಟ ಸುಮಾರು 1 ಮೀಟರ್ ದಪ್ಪದ ಕುರಿ ಕಂಬಗಳ ಬುಡಗಳು ಉತ್ಖನನದಲ್ಲಿ ಸಿಕ್ಕಿವೆ. ಕೆಯಾಕಿ ಎಂಬ ಇನ್ನೊಂದು ಗಟ್ಟಿಮರದ ಎಳೆವಿನ್ಯಾಸ ಮನಮೋಹಕ, ಆದರೆ ಅದು ಕೊಯ್ದು ವರ್ಷಗಳಾದರೂ ತಿರುಚಿಕೊಳ್ಳುವ ಸ್ವಭಾವದ ಮರ. ಅನುಭವಿಗಳಿಗೇ ಬಿಡುವುದು ಲೇಸು.

ಮಿಜು ಎಂದರೆ ನೀರು. ಹಸಿಯಾಗಿದ್ದಾಗ ಅಷ್ಟು ನೀರು ಹಿಡಿದಿರುವುದರಿಂದಲೇ ಮಿಜುನಾರಾಕ್ಕೆ ಆ ಹೆಸರು, ಅವಸರದಿಂದ ಒಣಗಿಸಿದರೆ ಅದು ಸೀಳುವುದೂ ಅದರಿಂದಲೇ. ಗಾಳಿಯಲ್ಲಿ ಒಣಗಿದ ಹಲಗೆಯ ತೇವಾಂಶ ಶೇ. 15ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ; ಮನೆಯೊಳಗಿನ ಪೀಠೋಪಕರಣಕ್ಕೆ ಅದು ಸುಮಾರು ಶೇ. 8–10ಕ್ಕೆ ಇಳಿದಿರಬೇಕು. ತೇವಮಾಪಕದಿಂದ ನೀವೇ ಅಳೆದು ನೋಡಿ. 80 ಸೆಂ.ಮೀ. ಅಗಲದ ಮೇಲ್ಭಾಗವು ತೇವಾಂಶ ಶೇ. 4ರಷ್ಟು ಬದಲಾದರೆ ಸುಮಾರು 1 ಸೆಂ.ಮೀ. ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ವರ್ಷದ ಉಂಗುರಗಳಿಗೆ ಅಡ್ಡಲಾಗಿ ಕೊಯ್ದ ‘ಮಾಸಾಮೆ’ ಹಲಗೆಯಲ್ಲಿ ಇದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಜೊತೆಗೆ ‘ತೊರಾಫು’ ಎನ್ನುವ ಹುಲಿಪಟ್ಟೆಯಂಥ ಹೊಳಪೂ ಕಾಣಿಸುತ್ತದೆ. ಏನೇ ಆದರೂ ಮೇಲ್ಭಾಗವನ್ನು ಚೌಕಟ್ಟಿಗೆ ಅಂಟಿಸಬಾರದು. ಚೌಕಟ್ಟಿನ ಒಳಬದಿಯಲ್ಲಿ ಕಾಲುವೆಯಂಥ ಸಂದು ಕೊರೆದು, ಅದರೊಳಗೆ ಸರಿದಾಡುವ ಸಣ್ಣ ಮರದ ತುಂಡುಗಳಿಂದ ಹಿಡಿದಿಡುವ ‘ಕೊಮಾ’ ವಿಧಾನವನ್ನು ಅನುಸರಿಸಿ. ಇನ್ನು, ಓಕ್ ಮತ್ತು ಕುರಿ ಎರಡರಲ್ಲೂ ಒಗರು ಹೆಚ್ಚು. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿದರೆ ಮಸಿಯಾಗುವಂತೆ, ಒದ್ದೆಯಾದ ಈ ಮರಕ್ಕೆ ಕಬ್ಬಿಣದ ಮೊಳೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತಿರುಪುಗಳನ್ನೇ ಬಳಸಿ.

ಡ್ರಾಯರಿನ ತಳಕ್ಕೋ ಬೆನ್ನಿಗೋ ಪ್ಲೈವುಡ್ ಹಾಕುವುದಾದರೆ ಅದರ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಬಗ್ಗೆ ಎಚ್ಚರ ಬೇಕು. ಜಪಾನಿನ ಮಾನದಂಡದಲ್ಲಿ ‘ಎಫ್’ ಅಕ್ಷರದ ಮುಂದೆ ನಾಲ್ಕು ನಕ್ಷತ್ರಗಳಿದ್ದರೆ, ಪರೀಕ್ಷೆಯಲ್ಲಿ ಹೊರಬಂದ ಪ್ರಮಾಣ ಸರಾಸರಿ ಲೀಟರಿಗೆ 0.3 ಮಿ.ಗ್ರಾಂ. ಮೀರಿಲ್ಲ ಎಂದರ್ಥ, ಸೊನ್ನೆ ಎಂದಲ್ಲ. ಇಲ್ಲಿ ಅನೇಕರು ಮೋಸಹೋಗುವ ಒಂದು ಸಂಗತಿಯಿದೆ. 2003ರಲ್ಲಿ ಜಾರಿಗೆ ಬಂದ ಕಟ್ಟಡ ಕಾನೂನಿನ ನಿರ್ಬಂಧ ಕಟ್ಟಡದ ಒಳಾಂಗಣ ಸಾಮಗ್ರಿಗೆ ಅನ್ವಯಿಸುತ್ತದೆಯೇ ಹೊರತು, ಎತ್ತಿಡಬಹುದಾದ ಮೇಜು ಕುರ್ಚಿಗಳಿಗೆ ನೇರವಾಗಿ ಅಲ್ಲ. ಆದ್ದರಿಂದ ಪ್ಲೈವುಡ್ ಹಾಳೆಯ ಮೇಲಿನ ಮುದ್ರೆಯನ್ನು ನೀವೇ ನೋಡಿ ಕೊಳ್ಳಬೇಕು. ಇಡಿಯ ಮರದ ಜೋಡಣೆಗಂತೂ ಫಾರ್ಮಾಲ್ಡಿಹೈಡ್ ಇಲ್ಲದ ಸಾಮಾನ್ಯ ಬಿಳಿ ಅಂಟೇ ಸಾಕು.

ಪಾಲಿಷ್‌ಗೆ ಉರುಷಿ ಎಂಬ ಮರದ ಸೊನೆ ಅತ್ಯುತ್ತಮ, ಪೂರ್ತಿ ಗಟ್ಟಿಯಾದ ಮೇಲೆ ಊಟದ ಬಟ್ಟಲಿಗೂ ಬಳಕೆಯಾಗುತ್ತದೆ. ಆದರೆ ಹಸಿಯಾಗಿರುವಾಗ ಅದು ಚರ್ಮವನ್ನು ಸುಡುತ್ತದೆ. ಉರುಷಿ ಮರ ನಮ್ಮ ಗೇರಿನ ಕುಟುಂಬದ್ದೇ, ಹಸಿ ಗೇರುಬೀಜದ ಸಿಪ್ಪೆಯ ಸೊನೆ ತಾಗಿಸಿಕೊಂಡವರಿಗೆ ಆ ಬೊಬ್ಬೆಗಳ ಪರಿಚಯವಿರುತ್ತದೆ. ಮನೆಯಲ್ಲಿ ಮಾಡುವವರು ಅಗಸೆ ಎಣ್ಣೆ ಆಧಾರಿತ ಪಾಲಿಷ್ ಆರಿಸಿ, ತೆಳುವಾಗಿ ಎರಡು ಮೂರು ಸಲ ಹಚ್ಚಿ, ಪ್ರತಿ ಸಲವೂ ಹೆಚ್ಚಾದುದನ್ನು ಒರೆಸಬೇಕು. ಆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದ್ದರಿಂದ, ನೀರಿನಲ್ಲಿ ನೆನೆಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಿ. ಓಕ್, ಬೀಚ್‌ನಂಥ ಗಟ್ಟಿಮರಗಳ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಸಿದ್ಧವಾಗಿರುವುದರಿಂದ, ಉಜ್ಜುವಾಗ ಬಟ್ಟೆಯ ಮುಸುಕು ಸಾಲದು. ಧೂಳು ಸೋಸುವ ಮುಖಗವಸು ಧರಿಸಿ, ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ ವ್ಯಾಕ್ಯೂಮ್ ಯಂತ್ರದಿಂದ ಧೂಳನ್ನು ಎಳೆದು ತೆಗೆಯಿರಿ.